ಮುನಿಸಿಪಲ್ ಎತ್ತು

ರಾಜ್ಯಗಳ ಏಳುಬೀಳುಗಳನ್ನು ಬರೆದಿಟ್ಟವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಇಂಗ್ಲಿಷಿನ ಒಂದೇ ಒಂದು ವಿಶೇಷಣ ಕಮಲಾಪುರದ ಸೀಮೆಯೊಳಗೆ ಕಾಲಿಟ್ಟು, ಎಂಟು ಎಕರೆ ಬಿಳಿಜೋಳದ ಬಿತ್ತನೆಯನ್ನು ಐದು ದಿನ ತಡೆದು ನಿಲ್ಲಿಸಿದ ಮಹತ್ವದ ಸಂಗತಿಯನ್ನು ಯಾರೂ ದಾಖಲಿಸಿಲ್ಲ. ಆ ಐದು ದಿನಗಳಲ್ಲಿ ಹೈದರಾಬಾದಿನ ಗಾದಿ ಅಲುಗಲಿಲ್ಲ, ಕಲಬುರಗಿಯ ಕಚೇರಿಗಳಲ್ಲಿ ಚಹಾ ತಡವಾಗಲಿಲ್ಲ, ನಿಜ. ಆದರೆ ಸಾಯಬಣ್ಣನ ಹೊಲದ ಮಣ್ಣು ಆರುತ್ತಿತ್ತು. ಆರುವ ಮಣ್ಣಿನ ಮುಂದೆ ನಿಂತ ಒಕ್ಕಲಿಗನಿಗೆ ಗಾದಿಯ ಸುದ್ದಿ ಹೇಳಿ ನೋಡಿದವರಿಗೆ ಯಾವುದು ದೊಡ್ಡದೆಂದು ತಿಳಿದೇ ಇರುತ್ತದೆ.

ಆ ವಿಶೇಷಣ ‘ಮುನಿಸಿಪಲ್’.

ನಿಜಾಮರ ರಾಜ್ಯದಲ್ಲಿ ಅದು ಫಸಲಿ ಲೆಕ್ಕದ ಸಾವಿರದ ಮುನ್ನೂರ ಇಪ್ಪತ್ತೆರಡನೆಯ ವರ್ಷ. ಹೊರಗಿನವರು 1913 ಎನ್ನುತ್ತಿದ್ದರು. ಕಚೇರಿಯ ಭಾಷೆ ಉರ್ದು, ಮನೆಯ ಭಾಷೆ ಅವರವರದು. ಈ ಎರಡರ ನಡುವೆ ಈ ಇಂಗ್ಲಿಷ್ ಶಬ್ದ ಯಾವಾಗಲೋ ಬಂದು, ಕರೆಯದ ಬೀಗರಂತೆ ಕೂತುಬಿಟ್ಟಿತ್ತು. ಕಲಬುರಗಿಯ ಬ್ರಹ್ಮಪುರದ ಓಣಿಗಳಲ್ಲಿ ಅದಾಗಲೇ ಮನೆಮಾತು. ಬೀದಿಯ ಕಂದೀಲಿನ ಕಂಬಕ್ಕೆ ಆಡು ಕಟ್ಟಿದವನನ್ನು ಕೇಳಿದರೆ, “ನಿಮ್ಮಪ್ಪನ ಕಂಬೇನು? ಮುನಿಸಿಪಲ್ ಅದ” ಎನ್ನುತ್ತಿದ್ದ. ಆ ಆಡನ್ನು ಬಿಚ್ಚಿ ಓಡಿಸಿದವನನ್ನು ಕೇಳಿದರೆ ಅವನೂ ಅದೇ ಮಾತನ್ನು ಅದೇ ಸಿಟ್ಟಿನಿಂದ ಹೇಳುತ್ತಿದ್ದ. ಕಟ್ಟುವವನಿಗೂ ಬಿಚ್ಚುವವನಿಗೂ ಸಮನಾಗಿ ಒದಗುವ ಶಬ್ದಗಳು ಯಾವ ಭಾಷೆಯಲ್ಲೂ ಹೆಚ್ಚಿಲ್ಲ. ಹೀಗಾಗಿ ಅದರ ಅರ್ಥವೇನೆಂದು ಬ್ರಹ್ಮಪುರದಲ್ಲಿ ಯಾರೂ ಕೇಳಿರಲಿಲ್ಲ. ಅರ್ಥ ಕೇಳಬೇಕಾದ ಪ್ರಸಂಗ ಬಂದದ್ದು ಕಮಲಾಪುರದ ಸಾಯಬಣ್ಣನಿಗೆ.

ಕಮಲಾಪುರವೆಂದರೆ ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ, ನಸುಕಿನಲ್ಲಿ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮುಟ್ಟುವ ಊರು. ಸಾಯಬಣ್ಣ ಅಲ್ಲಿಯ ತಕ್ಕಮಟ್ಟಿನ ಒಕ್ಕಲಿಗ. ಎಂಟು ಎಕರೆ ಕಪ್ಪು ನೆಲ, ಒಂದು ತುಂಡು ಬಾಳೆಯ ತೋಟ, ಕಡಿಮೆ ಮಾತಾಡುವ ಹೆಂಡತಿ ಅಂಬಮ್ಮ, ಹೆಚ್ಚು ಮಾತಾಡುವ ಹೆಂಡತಿಯ ತಮ್ಮ ಗುಂಡಣ್ಣ, ಇಷ್ಟು ಅವನ ಆಸ್ತಿ. ಜೊತೆಗೆ ಒಂದು ಜೋಡಿ ಎತ್ತು. ಉತ್ತರೆಯ ಮಳೆ ಚೆನ್ನಾಗಿ ಬಿದ್ದು, ಊರೆಲ್ಲ ಹಿಂಗಾರಿ ಬಿತ್ತನೆಗೆ ಕೂರಿಗೆ ಸರಿಮಾಡಿಕೊಳ್ಳುತ್ತಿದ್ದ ವಾರವೇ ಆ ಜೋಡಿಯಲ್ಲಿ ಒಂದಕ್ಕೆ ಹಾವು ಕಡಿಯಿತು. ಉಳಿದದ್ದು ಕರಿಯ ಎಂಬ ಒಂದೇ ಎತ್ತು. ಒಂಟಿ ಎತ್ತಿನಿಂದ ಕೂರಿಗೆ ಎಳೆಯಲಾಗದು. ನೆರೆಯವರ ಎತ್ತು ಕೇಳೋಣವೆಂದರೆ ಅವರ ಹೊಲವೂ ಅದೇ ಮಳೆಯಲ್ಲಿ ನೆನೆದದ್ದು. ಅವರ ಬಿತ್ತನೆ ಮುಗಿಯುವ ಹೊತ್ತಿಗೆ ಇವನ ಹೊಲದ ತೇವ ಆರಿ ಹದ ಮುಗಿದಿರುತ್ತಿತ್ತು. ಹದ ನಿಲ್ಲುವುದು ಹೆಚ್ಚೆಂದರೆ ಹನ್ನೆರಡು ದಿನ. ಅಷ್ಟರಲ್ಲಿ ಬೀಜ ನೆಲಕ್ಕೆ ಬೀಳದಿದ್ದರೆ ಮುಂದಿನ ವರ್ಷವೆಲ್ಲ ರೊಟ್ಟಿಗೆ ಕೊಂಡ ಜೋಳವೇ ಗತಿ. ಹೊಲವಿದ್ದೂ ಜೋಳ ಕೊಳ್ಳುವವನ ಮುಖವನ್ನು ಕಮಲಾಪುರದಲ್ಲಿ ಯಾರೂ ನೆಟ್ಟಗೆ ನೋಡುತ್ತಿರಲಿಲ್ಲ.

ಸಾಯಬಣ್ಣ ಎತ್ತು ಕೊಳ್ಳಲು ಕಲಬುರಗಿಗೆ ಹೋದ. ಅಲ್ಲಿ ಡಂಗುರ ಕೇಳಿಸಿತು. ಊರು ಶುಚಿಯಾಗಿಡುವ ಕಚೇರಿಯವರು ಒಂಟೆತ್ತಿನ ಕಸದ ಬಂಡಿ ಬಿಟ್ಟು ಎರಡೆತ್ತಿನ ಬಂಡಿ ಮಾಡಿಸಿಕೊಂಡಿದ್ದರು. ಹಳೆಯ ಎತ್ತು ಜೋಡಿಗೆ ಹೊಂದುತ್ತಿರಲಿಲ್ಲವಾಗಿ ಹರಾಜಿಗೆ ಬಂದಿತ್ತು. ಡಂಗುರದವನು ಹೇಳಿದ್ದು, “ಮುನಿಸಿಪಲ್ ಎತ್ತು ಹರಾಜ್, ಮುನಿಸಿಪಲ್ ಎತ್ತು!”

ಎತ್ತು ನೋಡಲು ಲಕ್ಷಣವಾಗಿತ್ತು. ದೇವಣಿ ತಳಿ, ಹೆಗಲ ಮೇಲೆ ಎತ್ತರದ ಇಣಿ, ತುಂಬಿದ ಮೈ, ಗಂಭೀರವಾದ ಕಣ್ಣು. ಆದರೆ ಸಾಯಬಣ್ಣನನ್ನು ಗೆದ್ದದ್ದು ಇಣಿಯಲ್ಲ, ಶಬ್ದ. ಅವನ ತರ್ಕ ಸರಳವಾಗಿತ್ತು. ಸಾದಾ ಎತ್ತಿಗಿಂತ ಸರಕಾರಿ ಎತ್ತು ಮೇಲು. ಅದು ಎಲ್ಲರಿಗೂ ಗೊತ್ತು. ಸರಕಾರಿ ಎಂಬುದು ನಿಜಾಮ ಹುಜೂರರ ಕಚೇರಿಯ ಮಾತು. ಮುನಿಸಿಪಲ್ ಎಂಬುದು ಇಂಗ್ಲಿಷ್ ಮಾತು. ಹೈದರಾಬಾದಿನಲ್ಲಿ ಹುಜೂರರ ಅರಮನೆಗೂ ಸಲಹೆ ಹೇಳಲು ಒಬ್ಬ ಇಂಗ್ಲಿಷ್ ಸಾಹೇಬ ಕೂತಿದ್ದಾನೆಂದು ಅವನು ಕೇಳಿದ್ದ. ಅಂದ ಮೇಲೆ ಮುನಿಸಿಪಲ್ ಎತ್ತು ಸರಕಾರಿ ಎತ್ತಿಗಿಂತಲೂ ಒಂದು ಮೆಟ್ಟಿಲು ಮೇಲಿರಲೇಬೇಕು. ಹರಾಜಿನಲ್ಲಿ ಕಲಬುರಗಿಯವರು ಒಬ್ಬರೂ ಸವಾಲು ಏರಿಸಲಿಲ್ಲ. ಅದನ್ನು ಅವನು ಮರ್ಯಾದೆಯೆಂದೇ ತಿಳಿದ.

ಎತ್ತಿನ ಕೊರಳಲ್ಲಿ ಹಿತ್ತಾಳೆಯ ಬಿಲ್ಲೆಯಿತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ ಆ ಶಬ್ದ. ಹರಾಜು ಮುಗಿಯುತ್ತಲೇ ಕಚೇರಿಯ ಮುನಶಿ ಇಮಾಮುದ್ದೀನ್ ಸಾಹೇಬರು ಬಿಲ್ಲೆಯನ್ನು ಬಿಚ್ಚಿಸಿ ಮೇಜಿನ ಖಾನೆಯಲ್ಲಿ ಹಾಕಿದರು. ಸಾಯಬಣ್ಣನ ಮುಖ ಸಣ್ಣಗಾಯಿತು. ಆದರೆ ರಸೀದಿಯಲ್ಲಿ ‘ಮುನಿಸಿಪಲ್ ಬೈಲ್, ಏಕ್ ರಾಸ್’, ಅಂದರೆ ಮುನಿಸಿಪಲ್ ಎತ್ತು ಒಂದು, ಎಂದು ಬರೆದದ್ದನ್ನು ಓದಿಸಿ ಕೇಳಿದ ಮೇಲೆ ಸಮಾಧಾನವಾಯಿತು.

ಒಂದು ಹಗಲಿನ ದಾರಿ ಎರಡು ಹಗಲು ಹಿಡಿಯಿತು. ಬಯಲಿನಲ್ಲಿ ಎತ್ತು ಸುಮ್ಮನೆ ನಡೆಯುತ್ತಿತ್ತು. ಊರು ಬಂದರೆ ಮಾತ್ರ ಪ್ರತಿಯೊಂದು ಬಾಗಿಲ ಮುಂದೂ ನಿಲ್ಲುತ್ತಿತ್ತು. ನಿಂತು, ಬಾಗಿಲ ಕಡೆ ಕತ್ತು ತಿರುಗಿಸಿ, ಒಳಗಿನವರು ಬರುವವರೆಗೆ ಕಾಯುತ್ತಿತ್ತು. ಮಹಾಗಾಂವದಲ್ಲಿ ಹೆಣ್ಣುಮಕ್ಕಳು ಮೊರದಲ್ಲಿ ಹೊಟ್ಟು ತಂದಿಟ್ಟರು, ತಿಂದ ಮೇಲೆ ಮೊರ ತಟ್ಟಿ ಒಳಗೆ ಹೋದರು, ಎತ್ತು ಮುಂದಿನ ಮನೆಗೆ ನಡೆಯಿತು. ಕಮಲಾಪುರದಲ್ಲಿಯೂ ಹಾಗೆಯೇ. ಊರ ಬಾಗಿಲಿನಿಂದ ಸಾಯಬಣ್ಣನ ಮನೆಯವರೆಗೆ ಇಪ್ಪತ್ತಾರು ಬಾಗಿಲು, ಇಪ್ಪತ್ತಾರರಲ್ಲೂ ನಿಂತಿತು.

“ನೋಡವ್ವ, ಎಷ್ಟ ಮರ್ಯಾದಸ್ತ ಎತ್ತು! ಒಂದು ಮನಿ ಬಿಡಲಿಲ್ಲ” ಎಂದಳು ಮೂಲೆಮನೆಯ ಭಾಗಮ್ಮ. “ನಮ್ಮ ಅಳಿಯ ಬಂದ್ರ ನಮ್ಮ ಮನಿಗೇ ಬರೂದಿಲ್ಲ.”

“ಮುನಿಸಿಪಲ್ ಅದ ಭಾಗವ್ವ” ಎಂದ ಸಾಯಬಣ್ಣ. ದಾರಿಯುದ್ದಕ್ಕೂ ಎತ್ತು ನಿಂತಾಗಲೆಲ್ಲ ಅಭ್ಯಾಸ ಮಾಡಿದ್ದರಿಂದ ಶಬ್ದ ಅವನ ನಾಲಗೆಯ ಮೇಲೆ ಸಲೀಸಾಗಿ ಹೊರಳುತ್ತಿತ್ತು.

“ಹಂಗಂದ್ರೇನ್ರೀ?” ಎಂದು ಕೇಳಿದವಳು ಅಂಬಮ್ಮ ಒಬ್ಬಳೇ.

“ಹಂಗಂದ್ರ... ಈ ಎತ್ತಿನಂಗ ಇರೂದು.”

ಅರ್ಥಕೋಶಗಳಲ್ಲಿ ಇದಕ್ಕಿಂತ ಕೆಟ್ಟ ವಿವರಣೆಗಳಿವೆ.

ಮರುದಿನ ನೊಗ ಕಟ್ಟಿದರು. ಎಡಕ್ಕೆ ಕರಿಯ, ಬಲಕ್ಕೆ ಮುನಿಸಿಪಲ್. ಸಾಯಬಣ್ಣ ಕೂರಿಗೆ ಹಿಡಿದ. ಅಂಬಮ್ಮ ಉಡಿಯಲ್ಲಿ ಬೀಜ ತುಂಬಿಕೊಂಡು ಕೂರಿಗೆಯ ಬಟ್ಟಲಿಗೆ ಬಿಡುತ್ತ ಹಿಂದೆ ನಡೆದಳು. ಇಪ್ಪತ್ತು ಹೆಜ್ಜೆ ನಡೆದ ಎತ್ತು ನಿಂತಿತು. ನಿಂತು ಬಲಕ್ಕೆ ಕತ್ತು ತಿರುಗಿಸಿತು. ಬಲಕ್ಕೆ ಬಯಲು, ಅದರಾಚೆ ಗುಂಡಣ್ಣನ ಹೊಲ. ಹಗ್ಗ ಹಿಡಿದು ನಡೆಸುವಾಗ ಅದು ಬಾಗಿಲು ಕಂಡರೆ ನಿಲ್ಲುತ್ತಿತ್ತು. ಹೆಗಲಿಗೆ ನೊಗ ಬಿದ್ದ ಮೇಲೆ ಬಾಗಿಲಿನ ಲೆಕ್ಕವನ್ನು ತಾನೇ ಹಾಕಿಕೊಳ್ಳುತ್ತಿತ್ತು. ಬಾರುಕೋಲು ತೋರಿಸಿದರೆ ಕಣ್ಣು ಮಿಟುಕಿಸಿತು. ಬಾಲ ತಿರುವಿದರೆ ತಿರುವಿದವನ ಕಡೆ ಬೇಸರದಿಂದ ನೋಡಿತು. ಹಿಂದಿನಿಂದ ಇಬ್ಬರು ನೂಕಿದಾಗ ನಾಲ್ಕು ಹೆಜ್ಜೆ ಇಟ್ಟಿತು, ಮತ್ತೆ ನಿಂತಿತು. ಅಷ್ಟರಲ್ಲಿ ಅಂಬಮ್ಮ ರೂಢಿಯಂತೆ ಬೀಜ ಬಿಟ್ಟೇ ಇದ್ದಳಾಗಿ ನಿಂತ ಜಾಗದಲ್ಲಿ ಒಂದು ಹಿಡಿ ಜೋಳ ಗುಪ್ಪೆಯಾಗಿ ಬಿದ್ದಿತು.

ಮೊದಲ ದಿನ ಆರು ಸಾಲು. ಎರಡನೆಯ ದಿನ ಐದು. ಮೂರನೆಯ ದಿನ ಅದಕ್ಕಿಂತ ಕೆಟ್ಟದ್ದು ನಡೆಯಿತು: ಮುನಿಸಿಪಲ್ ನಿಲ್ಲುವ ಮೊದಲೇ ಕರಿಯ ನಿಂತ. ನಿಂತು ಎಡಕ್ಕೆ ಕತ್ತು ತಿರುಗಿಸಿದ.

ಪಕ್ಕದ ಹೊಲದಲ್ಲಿ ಕೂರಿಗೆ ಹೊಡೆಯುತ್ತಿದ್ದ ಗುಂಡಣ್ಣನಿಗೆ ಆ ವರ್ಷದ ಸುಗ್ಗಿ ಆಗಲೇ ಬಂದಿತ್ತು. “ಮಾವಾ, ಒಂದು ಮುನಿಸಿಪಲ್ ತಂದಿ, ಎರಡು ಆದ್ವು! ಇನ್ನೊಂದು ವಾರ ತಡಿ, ಅಕ್ಕನೂ ಆಗತಾಳ!”

“ನಿನ್ನ ಕೂರಿಗಿ ನೀ ಹೊಡಿಯೋ.”

“ಹೊಡ್ಯಾಕತ್ತೀನಿ ಮಾವ. ಏನ್ ಮಾಡೂದು, ನಮ್ಮವು ಬರೇ ಎತ್ತು ಅವ, ಅವಕ್ಕ ಮುಂದ ಯಾವ ಶಬ್ದಿಲ್ಲ. ಹಂಗಂತ ಸುಮ್ನ ನಡೀತಾವ.”

ಸಂಜೆಯ ಹೊತ್ತಿಗೆ ಶಬ್ದ ಊರೊಳಗೆ ಬಂದಿತ್ತು. ಗುಂಡಣ್ಣ ಅದನ್ನು ಉದಾರವಾಗಿ ಹಂಚಿದ. ನಾಗರಪಂಚಮಿಗೆ ಬಂದು ಇನ್ನೂ ಹೋಗದಿದ್ದ ಅಳಿಯನೊಬ್ಬ ಮುನಿಸಿಪಲ್ ಅಳಿಯನಾದ. ಕೆಲಸ ಹೇಳಿದರೆ ಕತ್ತು ಮಾತ್ರ ತಿರುಗಿಸುವ ಮರೆಪ್ಪ ಮುನಿಸಿಪಲ್ ಮರೆಪ್ಪನಾದ. ನೀರು ತರಲು ಹೋಗಿ ಒಂದೊಂದು ಬಾಗಿಲಲ್ಲೂ ನಿಂತು ಸುದ್ದಿ ಕೊಟ್ಟು ಸುದ್ದಿ ಪಡೆದು ಮಧ್ಯಾಹ್ನಕ್ಕೆ ಮನೆ ಸೇರುವ ಸೂಗಮ್ಮ, ಅರವತ್ತು ವರ್ಷದ ಮುತ್ತೈದೆ, ಮುನಿಸಿಪಲ್ ಸೂಗಮ್ಮನಾದಳು. ಅವಳು ಅರ್ಥ ಕೇಳಲಿಲ್ಲ. ಹೇಳಿದವನ ದನಿಯಲ್ಲೇ ಅರ್ಥವಿತ್ತು.

ಆ ದಿನ ರೊಟ್ಟಿ ಬಡಿಯುತ್ತ ಅಂಬಮ್ಮ ಕೇಳಿದಳು: “ಹದ ಇನ್ನ ಎಷ್ಟ ದಿನ ಅದ್ರೀ?”

“ಆರು.”

“ಬಿತ್ತಾಕ ಎಷ್ಟ ದಿನ ಬೇಕು?”

“ಸರಿಯಾಗಿ ನಡದ್ರ ನಾಕು.”

“ಹಂಗಾರ ಎರಡು ದಿನ ಅವ. ಹೋಗಿ ಆ ಶಬ್ದದ ಅರ್ಥ ಏನಂತ ಕೇಳಿಕೊಂಡು ಬರ್ರಿ. ಎತ್ತು ಹಿಂದಕ್ಕ ತಗೋತಾರೇನು ಅದನ್ನೂ ಕೇಳ್ರಿ. ಹೋಗೂಮುಂದ ಬಾಳಿಗೊನಿ ಒಯ್ಯಿರಿ. ಬರಿಗೈಲಿ ಹೋದ್ರ ಅರ್ಥ ಸಣ್ಣದು ಹೇಳತಾರ.”

ಹೀಗೆ ಸಾಯಬಣ್ಣ ಕೆಂಪುಬಾಳೆಯ ಒಂದು ಗೊನೆಯನ್ನು ಹೆಗಲ ಮೇಲಿಟ್ಟುಕೊಂಡು ಒಂದು ವಿಶೇಷಣದ ಅರ್ಥ ಹುಡುಕಿ ನಸುಕಿನಲ್ಲೇ ಕಲಬುರಗಿಯ ದಾರಿ ಹಿಡಿದ. ವಿದ್ಯೆಗಾಗಿ ಕಾಶಿಗೆ ಹೋದವರೂ ಇಷ್ಟು ಭಾರ ಹೊತ್ತಿರಲಿಕ್ಕಿಲ್ಲ. ದಾರಿಯಲ್ಲಿ ಹುಮನಾಬಾದ ಕಡೆಯಿಂದ ಬಂದ ಬಂಡಿಯೊಂದು ಸಿಕ್ಕಿದ್ದರಿಂದ ಕಚೇರಿ ಮುಚ್ಚುವ ಮೊದಲೇ ಮುಟ್ಟಿದ.

ಇಮಾಮುದ್ದೀನ್ ಮುನಶಿಗಳು ಸಜ್ಜನರು. ಬಿಳಿಗಡ್ಡ, ತೆಳುವಾದ ಕನ್ನಡಕ, ಪಾರಸಿ ಬಲ್ಲವರು. ಗೊನೆಯನ್ನು ಒಮ್ಮೆ ನೋಡಿ, ನೋಡಲೇ ಇಲ್ಲವೆಂಬಂತೆ, “ಆವೋ ಪಟೇಲ್, ಕೂಡ್ರಿ. ಎತ್ತು ಖೈರಿಯತ್?” ಎಂದರು.

“ಎತ್ತು ಆರಾಮದ ಮುನಶಿ ಸಾಹೇಬರ. ನಾವೇ ಆರಾಮಿಲ್ಲ. ಒಂದು ಮಾತು ಕೇಳಾಕ ಬಂದೀನ್ರಿ. ಮುನಿಸಿಪಲ್ ಅಂದ್ರೇನ್ರಿ?”

ಮುನಶಿಗಳು ಕನ್ನಡಕ ತೆಗೆದರು. ಇಪ್ಪತ್ತು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ ಬರೆದ ಶಬ್ದ. ಅರ್ಥ ಕೇಳಿದವನು ಇವನೇ ಮೊದಲು. “ಶಹರಕ್ಕ ಸಂಬಂಧಪಟ್ಟಿದ್ದು” ಎಂದರು.

“ಎತ್ತು ಶಹರಕ್ಕ ಸಂಬಂಧಪಟ್ಟದ್ದು?”

“ಇತ್ತು. ಈಗಿಲ್ಲ. ಹರಾಜ್ ಆದಮ್ಯಾಲ ಅದು ನಿಮಗ ಸಂಬಂಧಪಟ್ಟದ್ದು.”

“ಹಂಗಾರ ಈಗ ಅದು ಮುನಿಸಿಪಲ್ ಎತ್ತಲ್ಲ?”

“ಬಿಲ್ಕುಲ್ ಅಲ್ಲ. ಬಿಲ್ಲೆ ತಗೊಂಡೀವಿ ನೋಡಿರಿ.” ಮುನಶಿಗಳು ಖಾನೆ ತೆರೆದು ಬಿಲ್ಲೆಯನ್ನು ತೋರಿಸಿದರು. “ಶಬ್ದ ನಮ್ಮಲ್ಲಿ ಉಳೀತು, ಎತ್ತು ನಿಮ್ಮಲ್ಲಿ ಬಂತು.”

ಸಾಯಬಣ್ಣ ಬಿಲ್ಲೆಯನ್ನು ಬಗ್ಗಿ ನೋಡಿದ. “ಸಾಹೇಬರ, ನಿಮಗ ಹೇಳಾಕ ನಾ ಸಣ್ಣಾವ. ಆದ್ರ ಶಬ್ದ ನಿಮ್ಮ ಖಾನಿಯೊಳಗ ಉಳಿದಿಲ್ರಿ. ಅದು ಎತ್ತಿನ ಜೋಡಿ ನಡಕೊಂತ ಬಂದದ. ಇಪ್ಪತ್ತು ಹೆಜ್ಜಿಗೊಮ್ಮಿ ನಿಂದ್ರತದ. ನಿಂತು ಯಾರೋ ಬರತಾರಂತ ಹಾದಿ ಕಾಯತದ. ನನ್ನ ಕರಿಯಗೂ ಅದೇ ಶಬ್ದ ಹತ್ತೇದ. ಹಿಂದಕ್ಕ ತಗೋರಿ.”

ಮುನಶಿಗಳ ಗಡ್ಡದೊಳಗೆ ನಗು ಅಡಗಿಕೊಂಡಿತು. ಇದು ನ್ಯಾಯದ ಪ್ರಶ್ನೆಯೆಂದು ಅವರಿಗೂ ಅನ್ನಿಸಿರಬೇಕು, ಯಾಕೆಂದರೆ ಅವರು ನಿಯಮಗಳ ಪುಸ್ತಕ ತೆರೆಯಲಿಲ್ಲ. “ಪಟೇಲ್, ಹರಾಜಿನ ಮಾಲು ಹಿಂದಕ್ಕಿಲ್ಲ. ಅದು ಹುಕುಂ. ಆದ್ರ ಒಂದು ಹೇಳತೀನಿ. ನಾ ಈ ಶಬ್ದ ಬರಿಯಾವ. ಇದನ್ನ ಹೊಡಿಯಾವ ಬ್ಯಾರೆ ಇದ್ದಾನ. ಚಾಂದಪಾಶಾ ಅಂತ, ನಿಮ್ಮ ಎತ್ತಿನ ಬಂಡಿ ಏಳು ವರ್ಷ ಹೊಡದಾನ. ಮುಂಜಾನೆ ಬ್ರಹ್ಮಪುರದಾಗ ಇರತಾನ. ಅರ್ಥ ಅಂವನ ಬಲ್ಲಿ ಕೇಳ್ರಿ.” ಅನಂತರ ಗೊನೆಯ ಕಡೆ ಬೆರಳು ತೋರಿಸಿ, “ಇದು ಕಚೇರಿಗೋ, ನನಗೋ?” ಎಂದರು.

“ನಿಮಗ್ರಿ.”

“ಹಂಗಾರ ಇದು ಮುನಿಸಿಪಲ್ ಅಲ್ಲ” ಎಂದು ಮುನಶಿಗಳು ಅದನ್ನು ಮನೆಗೆ ಕಳಿಸಿದರು. ಶಬ್ದದ ಸರಿಯಾದ ಬಳಕೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಬೆಳಿಗ್ಗೆ ಸಾಯಬಣ್ಣ ಬ್ರಹ್ಮಪುರಕ್ಕೆ ಹೋದಾಗ ಹೊಸ ಎರಡೆತ್ತಿನ ಬಂಡಿ ಓಣಿಯ ಬಾಯಲ್ಲಿತ್ತು. ಚಾಂದಪಾಶಾ ತೆಳ್ಳಗಿನ ಮನುಷ್ಯ. ಬಂಡಿಯ ಮೂಕಿಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದ. ಎತ್ತಿನ ಸುದ್ದಿ ಕೇಳುತ್ತಲೇ ಅವನ ಮುಖ ಅರಳಿತು.

“ಅರೆ ಭಾಯಿ, ನಮ್ಮ ಬಿಳಿಯನ ಧಣಿ ನೀವೇನು? ಮೇವು ತಿಂತಾನಿಲ್ಲೋ?”

“ಮೇವು ತಿಂತಾನ. ಮುಂದಕ್ಕ ಹೋಗೂದಿಲ್ಲ. ನೀವು ಏನಂತ ಹೊಡೀತಿದ್ರಿ? ಹೋಗು ಅನ್ನಾಕ ಏನಂತಿದ್ರಿ?”

ಚಾಂದಪಾಶಾ ಜಗಿಯುವುದನ್ನು ನಿಲ್ಲಿಸಿ ನೆನಪು ಮಾಡಿಕೊಂಡ. “ಏನೂ ಅಂತಿದ್ದಿಲ್ಲ. ಏಳು ವರ್ಷದಾಗ ನಾ ಅವನಿಗೆ ಒಂದು ಮಾತು ಹೇಳಿಲ್ಲ.”

ಅಷ್ಟರಲ್ಲಿ ಬಂಡಿ ನಿಂತ ಮನೆಯಿಂದ ವಿಮಲಾಬಾಯಿ ಎಂಬ ಹೆಂಗಸು ಕಸದ ಬುಟ್ಟಿ ತಂದಳು. ಬಂಡಿಗೆ ಕಸ ಸುರಿದಳು. ಬರಿದಾದ ಬುಟ್ಟಿಯನ್ನು ಬಂಡಿಯ ತಗಡಿನ ಅಂಚಿಗೆ ಎರಡು ಸಲ ಬಡಿದು ಕೊಡವಿದಳು: ಢಬ್, ಢಬ್. ಎತ್ತುಗಳು ನಡೆದವು. ಮುಂದಿನ ಮನೆಯ ಮುಂದೆ ತಾವೇ ನಿಂತವು. ಅಲ್ಲೊಬ್ಬಳು ಬಂದಳು. ಢಬ್, ಢಬ್. ನಡೆದವು. ಚಾಂದಪಾಶಾ ಹಗ್ಗ ಮುಟ್ಟಿಯೇ ಇರಲಿಲ್ಲ.

ಸಾಯಬಣ್ಣ ಓಣಿಯುದ್ದಕ್ಕೂ ಬಂಡಿಯ ಹಿಂದೆ ನಡೆದು ಇಪ್ಪತ್ತು ಮನೆ ನೋಡಿದ. ಬಾರುಕೋಲಿಲ್ಲ, ಬಾಯಿಲ್ಲ. ಎತ್ತನ್ನು ನಡೆಸುತ್ತಿದ್ದವರು ಮನೆಯವರು. ಕಚೇರಿ ಸಂಬಳ ಕೊಡುವುದು ಚಾಂದಪಾಶಾನಿಗೆ, ಎತ್ತು ಮಾತು ಕೇಳುವುದು ವಿಮಲಾಬಾಯಿಯದು.

“ಹಿಂದಿಂದ ನೀವೇ ಬಾರಿಸಿದ್ರ?” ಎಂದು ಕೇಳಿದ.

“ಒಮ್ಮಿ ಜಲ್ದಿ ಮನಿಗಿ ಹೋಗಬೇಕಾಗಿತ್ತು, ಬಾರಿಸಿದ್ದೆ. ನಂಬಲಿಲ್ಲ. ಮನಿ ಕಡಿಂದ ಬರಬೇಕು, ನಿಂತವರ ಕೈಲಿಂದ ಬರಬೇಕು. ಬಂಡಿ ಹೊಡಿಯಾವನ ಬುಟ್ಟಿ ಬ್ಯಾರೆ, ಬಾಯಿಯವರ ಬುಟ್ಟಿ ಬ್ಯಾರೆ. ಬಿಳಿಯಗ ಗೊತ್ತಾಗತಿತ್ತು.”

ಅವನು ಓಣಿಯಲ್ಲಿ ಮರಳಿ ಬರುವಾಗ ವಿಮಲಾಬಾಯಿ ಬಾಗಿಲಲ್ಲೇ ನಿಂತು ಕೂಗಿದಳು: “ಏನ್ರೀ, ನಮ್ಮ ಬಿಳಿಯನ್ನ ಒಯ್ದವರು ನೀವೇನ್ರಿ? ಹೊಡೀಬ್ಯಾಡ್ರಿ ಮತ್ತ! ಅಂವ ಯಾರ ಮನಿ ಬಿಟ್ಟಾವಲ್ಲ. ನಿಮ್ಮೂರಾಗ ಬಾಗಿಲಿಗೆ ಬರೂ ಮಂದಿ ಇಲ್ಲಂದ್ರ ಅಂವ ಏನ್ ಮಾಡಬೇಕು?”

ಸಾಯಬಣ್ಣ ಊರ ದಾರಿ ಹಿಡಿದ. ಮನೆ ಮುಟ್ಟಿದಾಗ ಹದ ಉಳಿದದ್ದು ನಾಲ್ಕು ದಿನ.

ಬೆಳಗಾಗುತ್ತಲೇ ಗುಂಡಣ್ಣನನ್ನು ಕರೆಸಿದರು. ಅವನ ಬಿತ್ತನೆಗೆ ಇನ್ನೂ ಎರಡು ದಿನದ ಕೆಲಸವಿತ್ತು, ಆದರೆ ಇಂಥ ತಮಾಷೆಗೆ ಅವನು ಮಗಳ ಮದುವೆಯನ್ನಾದರೂ ಮುಂದೂಡುತ್ತಿದ್ದ. ಕೈಯಲ್ಲೊಂದು ಬಿದಿರಿನ ಬುಟ್ಟಿ, ಬಗಲಲ್ಲೊಂದು ಘಾಸಲೇಟ್ ಎಣ್ಣೆಯ ತಗಡಿನ ಡಬ್ಬಿ ಹಿಡಿದು ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ನಿಂತ. ಎತ್ತು ಬಂದು ನಿಂತಿತು. ಅವನ ಕಡೆ ಕತ್ತು ತಿರುಗಿಸಿತು. ಢಬ್, ಢಬ್. ಎತ್ತು ನಡೆಯಿತು!

“ಮಾವಾ! ನಡೀತು! ಇಂಗ್ಲಿಷ್ ತಿಳೀತು ನನಗ!” ಎಂದು ಗುಂಡಣ್ಣ ಓಡಿ ಮುಂದಿನ ಜಾಗದಲ್ಲಿ ನಿಂತ. ಢಬ್, ಢಬ್. ನಡೆಯಿತು. ಮೂರನೆಯ ಜಾಗದಲ್ಲಿ ಎತ್ತು ಅವನನ್ನು ತುಸು ಹೆಚ್ಚು ಹೊತ್ತು ನೋಡಿತು. ನಾಲ್ಕನೆಯದರಲ್ಲಿ ನಡೆಯಲಿಲ್ಲ. ಗುಂಡಣ್ಣ ಡಬ್ಬಿ ನೆಗ್ಗುವಂತೆ ಬಡಿದ. ಎಲ್ಲ ಮನೆಗಳಲ್ಲೂ ಒಬ್ಬನೇ ಮನುಷ್ಯ ವಾಸಿಸುವುದು ಎತ್ತಿನ ಏಳು ವರ್ಷದ ಅನುಭವಕ್ಕೆ ವಿರುದ್ಧವಾಗಿತ್ತು.

“ಒಂದು ಸಾಲಿಗೆ ಎಂಟು ಸಲ ನಿಂದ್ರತದ” ಎಂದಳು ಅಂಬಮ್ಮ, ಉಡಿಯ ಬೀಜವನ್ನು ಮತ್ತೆ ಚೀಲಕ್ಕೆ ಸುರಿಯುತ್ತ. “ಎಂಟು ಮಂದಿ ಬೇಕು. ಒಬ್ಬೊಬ್ಬರು ತಮ್ಮ ತಮ್ಮ ಜಾಗಾದಾಗ ನಿಂದ್ರಬೇಕು.”

“ಬಿತ್ತೂ ದಿನದಾಗ ಎಂಟು ಆಳು ಯಾರು ಕೊಡತಾರ? ಅದೂ ಬುಟ್ಟಿ ಬಾರ್ಸಾಕ?” ಸಾಯಬಣ್ಣ ನೆಲ ನೋಡುತ್ತ ಹೇಳಿದ. “ಮುನಿಸಿಪಲ್ ಮುನಿಸಿಪಲ್ ಅಂತ ಊರೆಲ್ಲ ಹೇಳಿಕೊಂಡು ತಿರಗೀನಿ. ಈಗ ಯಾವ ಬಾಯಿಲೆ ಕೇಳಲಿ?”

“ಶಬ್ದ ನೀವು ತಂದ್ರಿ. ಆಳು ನಾ ತರತೀನಿ.”

ಊರಿನಲ್ಲಿ ಮುಯ್ಯಾಳಿನ ಪದ್ಧತಿಯಿತ್ತು. ನಿಮ್ಮ ಹೊಲದಲ್ಲಿ ನಾನೊಂದು ದಿನ, ನನ್ನ ಹೊಲದಲ್ಲಿ ನೀವೊಂದು ದಿನ. ಕೂಲಿಯಿಲ್ಲ, ಮರೆಯುವಂತೆಯೂ ಇಲ್ಲ. ಆದರೆ ಬಿತ್ತನೆಯ ವಾರದಲ್ಲಿ ಗಂಡಸರು ಕೂರಿಗೆಗೆ, ಸೊಸೆಯಂದಿರು ಬೀಜಕ್ಕೆ. ಯಾವ ಮನೆಯಲ್ಲೂ ಕೈ ಬಿಡುವಾಗಿದ್ದವರು ಅತ್ತೆಯರು ಮಾತ್ರ. ಅಂಬಮ್ಮ ಬಾಗಿಲಿಂದ ಬಾಗಿಲಿಗೆ ಹೋದಳು. ಭಾಗಮ್ಮ ಬರುತ್ತೇನೆಂದಳು, ಎತ್ತನ್ನು ಅವಳು ಮೊದಲೇ ಮೆಚ್ಚಿದ್ದಳು. ಇಮಾಮಬಿ ತನ್ನ ಬುಟ್ಟಿಯೇ ಗಟ್ಟಿಯೆಂದು ಅದನ್ನೇ ಹಿಡಿದು ಹೊರಟಳು. ಹೊತ್ತೇರುವುದರೊಳಗೆ ಏಳು ಜನ ಅತ್ತೆಯರು ಕೂಡಿದರು. ಎಂಟನೆಯವಳಾಗಿ ಬಿಡುವಿದ್ದವಳು ಸೂಗಮ್ಮ ಒಬ್ಬಳೇ. ಅವಳು ಕಟ್ಟೆಯಿಂದ ಏಳಲಿಲ್ಲ.

“ನಾ ಮುನಿಸಿಪಲ್ ಅದೀನಲ್ಲವ್ವ. ನಾ ಬಂದ್ರ ಎರಡು ಎತ್ತು ನಿಂತು ನನ್ನ ಹಾದಿ ಕಾಯಬೇಕಾಗತದ.”

ಅಂಬಮ್ಮ ಹೊಲ ಮುಟ್ಟುವಷ್ಟು ದೊಡ್ಡ ದನಿಯಲ್ಲಿ ತಮ್ಮನನ್ನು ಕರೆದಳು. ಗುಂಡಣ್ಣ ಬಂದ, ನೆಗ್ಗಿದ ಡಬ್ಬಿ ಇನ್ನೂ ಬಗಲಲ್ಲಿತ್ತು.

“ಬೀಳೋ ಕಾಲಿಗೆ.”

“ಅಕ್ಕಾ, ಅದು ಬೈಗುಳಲ್ಲ, ಇಂಗ್ಲಿಷ್...”

“ಇಂಗ್ಲಿಷಿನ್ಯಾಗೇ ಬೀಳು.”

ಗುಂಡಣ್ಣ ಬಿದ್ದ. ಸೂಗಮ್ಮ ಅವನ ಬೆನ್ನ ಮೇಲೆ ಕೈಯಿಡದೆ ಒಂದು ಗಳಿಗೆ ಹಾಗೆಯೇ ಬಿಟ್ಟಳು. “ಅರ್ಥ ಹೇಳು” ಎಂದಳು.

“ಅರ್ಥ...” ಗುಂಡಣ್ಣ ನೆಲಕ್ಕೆ ಮುಖ ಮಾಡಿಯೇ ಯೋಚಿಸಿದ. “ಯಾರ ಮನೀನೂ ಬಿಡಲಾರದವರು, ಅತ್ತಿ.”

ಸೂಗಮ್ಮ ಇದನ್ನು ನಾಲಗೆಯ ಮೇಲಿಟ್ಟು ರುಚಿ ನೋಡಿದಳು. ತಪ್ಪೆನ್ನಲು ಏನೂ ಸಿಗಲಿಲ್ಲ. “ಏಳು. ಬುಟ್ಟಿ ತಗೊಂಡು ಬಾ, ಒಳಗದ” ಎಂದಳು.

ಎಂಟು ಜನ ಅತ್ತೆಯರು ಸಾಯಬಣ್ಣನ ಹೊಲದಲ್ಲಿ ಇಪ್ಪತ್ತು ಹೆಜ್ಜೆಗೊಬ್ಬರಂತೆ ನಿಂತರು. ಒಬ್ಬೊಬ್ಬರ ಕೈಯಲ್ಲೂ ಬುಟ್ಟಿ, ಕಾಲ ಬಳಿ ಊರೊಳಗೆ ಸಿಕ್ಕಿದ ತಗಡು, ಕೊಳಗ, ಒಡೆದ ಕಡಾಯಿ. ಮೊದಲ ಸಾಲಿನಲ್ಲಿ ಎತ್ತು ಭಾಗಮ್ಮನ ಮುಂದೆ ನಿಂತು ಕತ್ತು ತಿರುಗಿಸಿತು. “ಬಂದೇನಪ್ಪಾ” ಎಂದು ಭಾಗಮ್ಮ ಎರಡು ಸಲ ಬಡಿದಳು. ನಡೆಯಿತು. ಇಮಾಮಬಿಯ ಮುಂದೆ ನಿಂತಿತು, ನಡೆಯಿತು. ಮುಖಗಳು ಬೇರೆ ಬೇರೆ, ಜಾಗಗಳು ಬೇರೆ ಬೇರೆ. ಎತ್ತಿಗೆ ಯಾವ ಸಂಶಯವೂ ಉಳಿಯಲಿಲ್ಲ. ಅದು ನಡೆದರೆ ಕರಿಯನೂ ನಡೆಯುತ್ತಿದ್ದ. ಅದು ನಿಂತಾಗ ಬೀಜ ಬಿಡುವುದನ್ನು ನಿಲ್ಲಿಸಬೇಕೆಂದು ಅಂಬಮ್ಮ ಕಲಿತಿದ್ದಳು. ಕೂರಿಗೆ ಪಕ್ಕಕ್ಕೆ ಸರಿದಂತೆ ಅತ್ತೆಯರ ಸಾಲೂ ಸರಿಯಿತು. ಸೂಗಮ್ಮನ ಜಾಗದಲ್ಲಿ ಮಾತ್ರ ತುಸು ತಡವಾಗುತ್ತಿತ್ತು, ಯಾಕೆಂದರೆ ಅವಳು ಬುಟ್ಟಿ ಬಡಿಯುವ ಮೊದಲು ಎತ್ತಿಗೆ ಹಿಂದಿನ ಸಾಲಿನ ಸುದ್ದಿ ಹೇಳುತ್ತಿದ್ದಳು. ಎತ್ತು ಪೂರ್ತಿ ಕೇಳಿಸಿಕೊಂಡೇ ಹೊರಡುತ್ತಿತ್ತು.

“ಇನ್ನ ಸಾಕು ಮಾಡವ್ವ ಸೂಗಮ್ಮ, ಹದ ಹೊಂಟದ!” ಎಂದು ಸಾಯಬಣ್ಣ ಕೂರಿಗೆಯ ಹಿಂದಿನಿಂದ ಕೂಗುತ್ತಿದ್ದ.

“ತಡಿಯೋ ಮಾರಾಯ, ಅದು ಹೂಂ ಅಂತ ತಲಿ ಹಾಕಾಕತ್ತದ. ನೀ ಎಂದರ ಹಾಕೀಯೇನು?”

ನಾಲ್ಕನೆಯ ದಿನ ಹೊತ್ತು ಮುಳುಗುವ ಮೊದಲು ಎಂಟು ಎಕರೆಯೂ ಬಿತ್ತಿ ಮುಗಿಯಿತು. ಮುಂದೆ ತೊಗರಿಯ ಕೊಯ್ಲು ಬಂದಾಗ ಅಂಬಮ್ಮ ಎಂಟು ಮನೆಗಳ ಹೊಲದಲ್ಲಿ ನಾಲ್ಕು ನಾಲ್ಕು ದಿನ ದುಡಿದು ಮುಯ್ಯಿ ತೀರಿಸಿದಳು.